ಸಾಕು ಎಂದರೆ ಸಾಕು

ಉಲ್ಮ್, ಜರ್ಮನಿ
3-11-2024

ತೀರ್ಥರೂಪು ಅಪ್ಪಯ್ಯನವರಿಗೂ ಮಾತೃಶ್ರೀ ಅಮ್ಮನಿಗೂ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಸಾಗರದ ಕಡೆ ಮಳೆ ಪೂರ್ತಿ ಹೊಳವಾಯಿತೇ, ಈ ವರ್ಷ ಅಡಿಕೆ ತೋಟಕ್ಕೆ ಕೊಳೆರೋಗ ಎಷ್ಟು ತಗುಲಿತು ಎಂಬುದನ್ನು ಬಿಡುವಾದಾಗ ತಿಳಿಸಿ.

ನಿನ್ನೆ ಬಲಿಪಾಡ್ಯಮಿಗೆ ಐದು ಜನ ಸ್ನೇಹಿತರನ್ನು ಕರೆದು ಹಬ್ಬದ ಊಟ ಹಾಕಿದೆ. ರಾತ್ರಿ ಫೋನಿನಲ್ಲಿ ಎಲ್ಲವೂ ಚೆನ್ನಾಗಿ ಆಯಿತು ಎಂದಷ್ಟೇ ಹೇಳಿದ್ದೆ. ಅದು ಪೂರ್ತಿ ನಿಜವಲ್ಲವಾದ್ದರಿಂದ ಈ ಪತ್ರ.

ಎಡವಟ್ಟು ಶುರುವಾದದ್ದು ಹೋಳಿಗೆಯ ಬೆಲ್ಲದಿಂದ. ಶುಕ್ರವಾರ ಶ್ರೀಲಂಕಾ ತಮಿಳರ ಅಂಗಡಿಯಿಂದ ತಂದರಾಯಿತು ಎಂದುಕೊಂಡಿದ್ದೆ. ನವೆಂಬರ್ 1 ಇಲ್ಲಿ ಸಕಲ ಸಂತರ ದಿನ. ಆಫೀಸಿಗೆ ರಜೆ ಎಂದು ವಾರವಿಡೀ ಖುಷಿಪಟ್ಟವನಿಗೆ ಅಂಗಡಿಗಳಿಗೂ ರಜೆ ಇರುತ್ತದೆ ಎಂಬುದು ಬಾಗಿಲ ಮುಂದೆ ಹೋಗಿ ನಿಲ್ಲುವ ತನಕ ಹೊಳೆಯಲಿಲ್ಲ. ಬರಿಗೈಯಲ್ಲಿ ಹಿಂದಿರುಗುವಾಗ ಒಂದು ಸ್ಮಶಾನದ ಪಕ್ಕ ಹಾದು ಬಂದೆ. ಕ್ಯಾಥೊಲಿಕರು ಆ ದಿನ ತಮ್ಮವರ ಸಮಾಧಿಗಳ ಮೇಲೆ ಕೆಂಪು ಬುಡ್ಡಿಗಳಲ್ಲಿ ಮೇಣದ ದೀಪ ಹಚ್ಚಿಡುತ್ತಾರೆ. ಹಿಂದಿನ ಭಾನುವಾರವಷ್ಟೇ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರಿಂದ ಐದಕ್ಕೆಲ್ಲ ಕತ್ತಲಾಗಿತ್ತು. ಅಮಾವಾಸ್ಯೆಯ ದಿನವೇ ಆ ದೀಪದ ಸಾಲು ಕಂಡು, ಬೆಲ್ಲದ ಚಿಂತೆ ಬಿಟ್ಟು ಸ್ವಲ್ಪ ಹೊತ್ತು ಬೇಲಿಯ ಹೊರಗೆ ನಿಂತಿದ್ದೆ.

ಬೆಲ್ಲದ ಬದಲಿಗೆ ಒದಗಿ ಬಂದದ್ದು ಜೊತೆಯಲ್ಲಿ ಕೆಲಸ ಮಾಡುವ ತುರ್ಕಿಯ ಹುಡುಗಿಯ ಮನೆಯ ಪೆಕ್ಮೆಜ್. ದ್ರಾಕ್ಷಿಯ ರಸವನ್ನು ಕುದಿಸಿ ಇಳಿಸಿದ ಪಾಕ ಅದು; ನೋಡಲು ಥೇಟ್ ನಮ್ಮ ಜೋನಿಬೆಲ್ಲ, ರುಚಿಯಲ್ಲಿ ಮಾತ್ರ ಸಣ್ಣ ಹುಳಿ. ಬೆಂದ ಕಡಲೆಬೇಳೆಗೆ ಅದನ್ನು ಸುರಿದು ರುಬ್ಬಿದೆ. ಹೂರಣ ಉಂಡೆ ಕಟ್ಟುವುದಿರಲಿ, ಸೌಟಿನಿಂದ ಪಾಯಸದ ಹಾಗೆ ಇಳಿಯತೊಡಗಿತು. ನಾನು ಫೋನು ಮಾಡಿದಾಗ ಇಲ್ಲಿ ರಾತ್ರಿ ಒಂಬತ್ತು, ಅಲ್ಲಿ ಒಂದೂವರೆ. ಎರಡನೆಯ ರಿಂಗಿಗೇ ಎತ್ತಿಕೊಂಡೆಯಲ್ಲ ಅಮ್ಮಾ, ಮರುದಿನದ ಹಬ್ಬದ ಕೆಲಸಕ್ಕಾಗಿ ಎದ್ದೇ ಇದ್ದೆಯೋ, ನನ್ನ ಫೋನು ಬಂದೇ ಬರುತ್ತದೆ ಎಂದು ಕಾದಿದ್ದೆಯೋ ನಾನು ಕೇಳಲಿಲ್ಲ. "ಸಣ್ಣ ಉರಿಯಲ್ಲಿ ಮಗುಚುತ್ತಾ ಇರು, ಸೌಟು ನೆಟ್ಟಗೆ ನಿಲ್ಲುವ ತನಕ ಬಿಡಬೇಡ" ಎಂದೆ ನೀನು. ಹತ್ತೂಕಾಲಿಗೆ ಸೌಟು ನಿಂತಿತು. ಅಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಗಿತ್ತು.

ಕಣಕದ್ದು ಇನ್ನೊಂದು ಕಥೆ. ಇಲ್ಲಿ ಹಿಟ್ಟಿನ ಪೊಟ್ಟಣಗಳ ಮೇಲೆ 405, 550, 1050 ಎಂದು ಅಂಕಿಗಳಿರುತ್ತವೆ. ಅಂಕಿ ಚಿಕ್ಕದಾದಷ್ಟೂ ಹಿಟ್ಟು ಬೆಳ್ಳಗಿರುತ್ತದೆ. ಬಿಳುಪು ನೋಡಿ 405 ತಂದಿದ್ದೆ, ಎಳೆದರೆ ಹರಿಯುತ್ತಿತ್ತು. ಅರ್ಧದಷ್ಟು 550 ಬೆರೆಸಿ ಎಣ್ಣೆಯಲ್ಲಿ ನೆನೆಯಲು ಬಿಟ್ಟ ಮೇಲೆ ಮಾತು ಕೇಳಿತು. ಒಟ್ಟು ಇಪ್ಪತ್ತಾರು ಹೋಳಿಗೆ ಆದವು, ಏಳು ಒಡೆದವು.

ಬಾಳೆಎಲೆ ಏಷ್ಯಾದ ಅಂಗಡಿಯಲ್ಲಿ ಮಂಜುಗಡ್ಡೆಯಂತೆ ಹೆಪ್ಪುಗಟ್ಟಿದ ಪೊಟ್ಟಣದಲ್ಲಿ ಸಿಗುತ್ತದೆ. ಕುಡಿಯನ್ನು ಕತ್ತರಿಸಿ ತೆಗೆದಿರುತ್ತಾರಾದ್ದರಿಂದ ಎಡ ಯಾವುದು, ಬಲ ಯಾವುದು ಎಂದು ತಿಳಿಯದೆ ನನಗೆ ತೋಚಿದಂತೆ ಹಾಸಿದೆ, ಅಪ್ಪಯ್ಯ ಕ್ಷಮಿಸಬೇಕು. ಮೆಂತ್ಯದ ತಂಬುಳಿ, ಸೌತೆಕಾಯಿ ಸಾಸಿವೆ, ಕೋಸಂಬರಿ, ಬೀನ್ಸ್ ಪಲ್ಯ, ಹುಳಿ ಇಷ್ಟನ್ನು ಮಾಡಿದ್ದೆ. ಅಪ್ಪೆಹುಳಿಗೆ ಸಿಕ್ಕ ಮಾವಿನಕಾಯಿಗೆ ಹುಳಿಯೇ ಇರಲಿಲ್ಲ. ನಿಂಬೆ ಹಿಂಡಿ ಇಂಗಿನ ಒಗ್ಗರಣೆಯಿಂದ ಮಾನ ಉಳಿಸಿಕೊಂಡೆ.

ನಾನು ನಿಜವಾಗಿ ಸೋತದ್ದು ಬಡಿಸುವುದರಲ್ಲಿ. ಎಲೆ ಖಾಲಿಯಾದರೆ ಬಡಿಸಬೇಕು, "ಸಾಕು" ಎಂದರೆ ಇನ್ನೊಂದು ಹಾಕಬೇಕು, ಎರಡೂ ಕೈ ಅಡ್ಡ ಹಿಡಿದರೆ ಆಗ ನಿಲ್ಲಿಸಬೇಕು ಎಂಬುದು ನಮ್ಮ ಪಂಕ್ತಿಯ ಲೆಕ್ಕವಲ್ಲವೇ? ಇಲ್ಲಿಯವರಿಗೆ ಬಡಿಸಿದ್ದನ್ನು ಬಿಡುವುದು ಮರ್ಯಾದೆಯಲ್ಲ. ಆಲ್ಗೊಯ್ ಬೆಟ್ಟದ ಸೀಮೆಯ ನನ್ನ ಗೆಳೆಯ ಎಲೆಯನ್ನು ಪ್ರತಿ ಸಲವೂ ಚೊಕ್ಕಟವಾಗಿ ಖಾಲಿ ಮಾಡುತ್ತಿದ್ದ, ನಾನು ಪ್ರತಿ ಸಲವೂ ಬಡಿಸುತ್ತಿದ್ದೆ. ಅವನಿಗೆ ಇಷ್ಟವಾಗಿದೆ ಎಂದು ನಾನು, ನನ್ನ ಮನಸ್ಸು ನೋಯಬಾರದು ಎಂದು ಅವನು. ಆರನೆಯ ಹೋಳಿಗೆಗೆ ತುಪ್ಪ ಹಾಕುತ್ತಿದ್ದಾಗ ಅವನ ಹಣೆಯ ಮೇಲೆ ಬೆವರು ಕಂಡಿತು. ಆಗ ತುರ್ಕಿಯ ಹುಡುಗಿ ನಗುತ್ತಾ, ತಮ್ಮ ಅಜ್ಜಿಯ ಮನೆಯಲ್ಲೂ ಹೀಗೆಯೇ, ತಟ್ಟೆಯಲ್ಲಿ ಒಂದಿಷ್ಟು ಉಳಿಸಿದರೆ ಮಾತ್ರ ಬಿಡುಗಡೆ ಎಂದು ಅವನಿಗೆ ಬಿಡಿಸಿ ಹೇಳಿದಳು. ಅವನು ಎಲೆಯ ಮೂಲೆಯಲ್ಲಿ ಅಂಗೈಯಗಲದ ತುಂಡೊಂದನ್ನು ಬಿಟ್ಟು ಕೈ ಎತ್ತಿದ. ಅಲ್ಲಿಂದ ಮುಂದೆ ಯಾರಾದರೂ ಒಮ್ಮೆ ಸಾಕು ಎಂದರೆ ಸಾಕೇ ಎಂದು ನಾನು ಒಪ್ಪಿಕೊಂಡೆ. ಒಪ್ಪಿಕೊಂಡರೂ ಕೈ ಸುಮ್ಮನಿರಲಿಲ್ಲ. ಈ ಕೈ ನಿನ್ನದೇ ಅಮ್ಮಾ.

ಮೊದಲ ಹೋಳಿಗೆಯನ್ನು ಗೋಗ್ರಾಸವೆಂದು ತೆಗೆದಿಟ್ಟಿದ್ದೆ, ಕೊಡಲು ಹಸು ಇರಲಿಲ್ಲ. ಅದು ಯಾರಿಗೆ ಎಂದು ಅವರು ಕೇಳಿದಾಗ ಗೋಪೂಜೆಯ ವಿಷಯ ಹೇಳಿದೆ: ಲೋಟದ ಬಾಯಿಂದ ಮೈತುಂಬ ಒತ್ತುವ ಬಿಳಿ ಶೇಡಿಮಣ್ಣು ಮತ್ತು ಕೆಮ್ಮಣ್ಣಿನ ಮುದ್ರೆ, ಕೊರಳಿಗೆ ಅಡಿಕೆಯ ಸರ, ಚೆಂಡುಹೂವು. ಆಲ್ಗೊಯ್‌ನವನ ಮನೆಯಲ್ಲೂ ದನಗಳಿವೆ. ಬೇಸಿಗೆಯಿಡೀ ಬೆಟ್ಟದ ಹುಲ್ಲುಗಾವಲಿನಲ್ಲಿ ಮೇಯ್ದ ದನಗಳನ್ನು ಸೆಪ್ಟೆಂಬರಿನಲ್ಲಿ ಊರಿಗೆ ಇಳಿಸುವ ಹಬ್ಬಕ್ಕೆ ಅವರು ಫೀಶೈಡ್ ಎನ್ನುತ್ತಾರೆ. ಬೆಟ್ಟದ ಮೇಲೆ ಯಾವ ದನಕ್ಕೂ ಅಪಾಯವಾಗದಿದ್ದ ವರ್ಷ ಮಾತ್ರ ಮುಂದೆ ನಡೆಯುವ ಹಸುವಿನ ತಲೆಗೆ ಹೂವಿನ ಕಿರೀಟವಂತೆ, ಇಲ್ಲವಾದರೆ ಬೋಳು ತಲೆಯಲ್ಲೇ ಬರುತ್ತದಂತೆ. ಇದನ್ನು ಹೇಳುವಾಗ ಅವನ ದನಿ ತಗ್ಗಿತು.

ತೆಗೆದಿಟ್ಟ ಹೋಳಿಗೆಯನ್ನು ತನ್ನ ಮನೆಯ ಹಸುವಿಗೆಂದು ಅವನೇ ಕಾಗದದಲ್ಲಿ ಸುತ್ತಿಕೊಂಡು ಹೋದ. ಇವತ್ತು ಬೆಳಿಗ್ಗೆ ಕಂದು ಬಣ್ಣದ ಹಸುವೊಂದರ ಫೋಟೊ ಕಳಿಸಿ, ನಿಮ್ಮ ಹಸುವನ್ನು ಸರದೊಂದಿಗೆ ನೋಡಬೇಕೆಂದು ತನ್ನ ತಾಯಿ ಕೇಳುತ್ತಿದ್ದಾರೆ ಎಂದು ಬರೆದಿದ್ದಾನೆ. ಅಪ್ಪಯ್ಯ, ನಿನ್ನೆ ಕೊಟ್ಟಿಗೆಯಲ್ಲಿ ಗೌರಿಯ ಫೋಟೊ ತೆಗೆದಿದ್ದರೆ ಅಣ್ಣನ ಕೈಯಲ್ಲಿ ಕಳಿಸಿಕೊಡಿ. ತೆಗೆದಿಲ್ಲವಾದರೆ ಸರವನ್ನು ಇನ್ನೊಮ್ಮೆ ಹಾಕಿಯಾದರೂ ತೆಗೆಯಿರಿ.

ಇಂತಿ ನಿಮ್ಮ ಆಶೀರ್ವಾದ ಬೇಡುವ ಮಗ