ಡಬ್ಬಿಯ ಹಿಂಬದಿ ಯಾರು ಓದುತ್ತಾರೆ?

ಸಂಪಾದಕರಿಗೆ ನಮಸ್ಕಾರ.

ಆರು ತಿಂಗಳ ಹಿಂದೆ ನಿಮ್ಮ ಪತ್ರಿಕೆಯಲ್ಲಿ ಅರ್ಧ ಪುಟದ ಒಂದು ಬರಹ ಬಂದಿತ್ತು. ಯಾವುದೋ ಪುಡಿ ಕುಡಿದರೆ ಮಂಡಿನೋವು, ಸುಸ್ತು, ಶುಗರ್ ಎಲ್ಲ ಹತೋಟಿಗೆ ಬರುತ್ತದಂತೆ. ಸುದ್ದಿಯ ಥರಾನೇ ತಲೆಬರಹ, ಸುದ್ದಿಯ ಥರಾನೇ ಅಕ್ಷರ. ಮೇಲಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಗಾತ್ರದಲ್ಲಿ 'ಜಾಹೀರಾತು' ಅಂತ ಇತ್ತು. ನಮ್ಮ ಯಜಮಾನರಿಗೆ ಅದು ಕಾಣಲಿಲ್ಲ. ಆ ಪುಟ ಕತ್ತರಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟುಕೊಂಡರು.

ನಾನು ಹಾಸನ ತಾಲ್ಲೂಕಿನ ಹಳ್ಳಿಯೊಂದರಲ್ಲಿ 31 ವರ್ಷ ಅಂಗನವಾಡಿ ಟೀಚರ್ ಆಗಿದ್ದವಳು. ಮಕ್ಕಳನ್ನು ತೂಗಿ, ಬಸುರಿ ಬಾಣಂತಿಯರಿಗೆ ಕಬ್ಬಿಣದ ಮಾತ್ರೆ ಹಂಚಿ, ಸೊಪ್ಪು ತಿನ್ರಮ್ಮ, ಕಾಳು ತಿನ್ರಮ್ಮ ಅಂತ ಊರಿಗೆಲ್ಲ ಹೇಳಿದವಳು. ನನ್ನ ಮನೆಗೇ ಅಂಥ ಪುಡಿಯ ಡಬ್ಬಿ ಬಂದಾಗ ಬಾಯಿ ಮುಚ್ಚಿಕೊಂಡು ಕೂತಿದ್ದೆ. ತಂದವರು ನೆಂಟರಲ್ವಾ.

ಯಜಮಾನರ ಸೋದರತ್ತೆ ಮಗ ಒಂದು ಭಾನುವಾರ ಊಟದ ಹೊತ್ತಿಗೆ ಸರಿಯಾಗಿ ಬಂದರು. ಹೊಸ ಬ್ಯಾಗು, ಬ್ಯಾಗಿನಲ್ಲಿ ಮೂರು ಡಬ್ಬಿ. ನಮ್ಮ ಯಜಮಾನರಿಗೆ ಕೆಲವು ತಿಂಗಳಿಂದ ಪಾದದಲ್ಲಿ ಜೋಮು, ರಾತ್ರಿ ಉರಿ. ಅದನ್ನು ಹೇಳಿಕೊಂಡರು. "ಭಾವ, ಇದು ನರದ ವೀಕ್ನೆಸ್. ಮಾತ್ರೆಯೆಲ್ಲ ಕೆಮಿಕಲ್ಲು. ಇದು ಬರೀ ಆಹಾರ, ಸೈಡ್ ಎಫೆಕ್ಟ್ ಇಲ್ಲ" ಅಂದರು ಅವರು. ಆಮೇಲೆ ಹೃದಯದ ಮಾತು ತೆಗೆದರು. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ಹೋದ ಸುದ್ದಿ ಬರುತ್ತಿದ್ದ ದಿನಗಳನ್ನು ಹಾಸನದವರು ಯಾರೂ ಮರೆತಿಲ್ಲ. ಇಲ್ಲಿಂದ ಮೈಸೂರಿನ ಜಯದೇವ ಆಸ್ಪತ್ರೆಗೆ ಜನ ಬೆಳಗಿನ ಜಾವವೇ ಹೋಗಿ ಸಾಲು ನಿಂತಿದ್ದರು. ಆ ಭಯ ಇನ್ನೂ ಮನೆಮನೆಯಲ್ಲಿ ಇದೆ. ಅದನ್ನು ಸ್ವಲ್ಪ ಕೆದಕಿದರೆ ಸಾಕು, ಡಬ್ಬಿ ಮಾರಾಟವಾಗುತ್ತದೆ. 1,450 ರೂಪಾಯಿಯಂತೆ ಮೂರಕ್ಕೆ 4,350 ಎಣಿಸಿ ಕೊಟ್ಟೆವು.

ಜಯದೇವ ಸಂಸ್ಥೆಯ ನಿರ್ದೇಶಕರ ಮುಂದಾಳತ್ವದ ಸಮಿತಿ ಆ ಸಾವುಗಳನ್ನು ನೋಡಿ ಹೇಳಿದ್ದು ಹಳೇ ಮಾತುಗಳನ್ನೇ. ಬಿಪಿ, ಶುಗರ್, ಬೊಜ್ಜು, ಸಿಗರೇಟು, ಕುಡಿತ. ಪುಡಿ ಕುಡಿಯದೇ ಇದ್ದದ್ದು ಆ ಪಟ್ಟಿಯಲ್ಲಿ ಇರಲಿಲ್ಲ!

ಇವರು ಪುಡಿ ಕುಡಿಯಲು ಶುರು ಮಾಡಿದ್ದಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಾಗುತ್ತಿದ್ದೆ. ಹನ್ನೊಂದು ವರ್ಷದಿಂದ ತೆಗೆದುಕೊಳ್ಳುತ್ತಿದ್ದ ಶುಗರ್ ಮಾತ್ರೆಯನ್ನೇ ನನಗೆ ಹೇಳದೆ ಬಿಟ್ಟುಬಿಟ್ಟಿದ್ದರು. ಗೂಡಿನಲ್ಲಿದ್ದ ಮಾತ್ರೆ ಶೀಟು ತಿಂಗಳಾದರೂ ಖಾಲಿಯಾಗದೆ ಇದ್ದದ್ದು ನೋಡಿ ಅನುಮಾನ ಬಂತು. ಕೇಳಿದರೆ ಸಿಡುಕಿದರು. ಎರಡನೇ ತಿಂಗಳು ಬಲವಂತ ಮಾಡಿ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದೆ. ಖಾಲಿ ಹೊಟ್ಟೆಯ ಶುಗರ್ 286, ತೀರಾ ಜಾಸ್ತಿ.

ಅವತ್ತು ರಾತ್ರಿ ಕನ್ನಡಕ ಹಾಕಿಕೊಂಡು, ಮಗನ ಫೋನಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ, ಡಬ್ಬಿಯ ಹಿಂಬದಿ ಓದಿದೆ. ಮುಂದುಗಡೆ ಹಸಿರು ಎಲೆ, ಓಡುತ್ತಿರುವ ತಾತ. ಹಿಂದುಗಡೆ ಇಂಗ್ಲಿಷಿನಲ್ಲಿ 'ಹೆಲ್ತ್ ಸಪ್ಲಿಮೆಂಟ್', ಅದರ ಕೆಳಗೆ 'ನಾಟ್ ಫಾರ್ ಮೆಡಿಸಿನಲ್ ಯೂಸ್'. ಅಂದರೆ ಔಷಧಿಯಾಗಿ ಬಳಸುವುದಕ್ಕಲ್ಲ ಅಂತ. ಹೀಗೆ ಅಚ್ಚು ಹಾಕಲೇಬೇಕೆಂದು ಕಾನೂನಿದೆ. ಕಂಪನಿಯವರು ಕಾನೂನು ಪಾಲಿಸಿದ್ದರು. ಮನೆಗೆ ಬಂದು ಮಾತಾಡಿದವರು ಮಾತ್ರ ಬೇರೆಯದನ್ನೇ ಹೇಳಿದ್ದರು.

ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರುವುದನ್ನು ಮೊದಲು ಬರೆಯಬೇಕು. ನಮ್ಮ ಡಬ್ಬಿಯಲ್ಲಿ ಮೊದಲ ಹೆಸರು ಮಾಲ್ಟೊಡೆಕ್ಸ್‌ಟ್ರಿನ್. ಅದು ಪಿಷ್ಟದಿಂದ ತೆಗೆದ ಪುಡಿ, ಹೊಟ್ಟೆಗೆ ಹೋದರೆ ಸಕ್ಕರೆಯ ಹಾಗೇ ಬೇಗ ರಕ್ತಕ್ಕೆ ಸೇರುತ್ತದೆ. ಶುಗರ್ ಇರುವವರಿಗೆ ದಿನಕ್ಕೆ ಎರಡು ಸಲ ಅದನ್ನು ಕುಡಿಸಿದ್ದೆವು, ಅದೂ ನಾನೇ ಕೈಯಾರೆ ಬೆರೆಸಿ. ಎಫ್‌ಎಸ್‌ಎಸ್‌ಎಐ ಅನ್ನುವ ಆಹಾರ ಸುರಕ್ಷತಾ ಪ್ರಾಧಿಕಾರದ ಮುದ್ರೆ, 14 ಅಂಕಿಯ ಲೈಸೆನ್ಸ್ ನಂಬರ್ ಎಲ್ಲ ಸರಿಯಾಗಿಯೇ ಇತ್ತು. ಆ ನಂಬರ್ ಇದ್ದರೆ ತಯಾರಿಸುವವರಿಗೆ ಲೈಸೆನ್ಸ್ ಇದೆ ಅಂತ ಅರ್ಥ. ರೋಗ ವಾಸಿಯಾಗುತ್ತದೆ ಅಂತ ಸರ್ಕಾರ ಒಪ್ಪಿದೆ ಅಂತ ಅಲ್ಲ.

ಆಮೇಲೆ ಕ್ಯಾಲೆಂಡರಿನ ಹಿಂದಿದ್ದ ನಿಮ್ಮ ಪುಟವನ್ನೇ ತೆಗೆದು ಅದರ ಅಂಚಿನಲ್ಲಿ ಲೆಕ್ಕ ಹಾಕಿದೆ. ಅಂಗನವಾಡಿ ಅಭ್ಯಾಸ, ಹೋಗುವುದಿಲ್ಲ. 400 ಗ್ರಾಂ ಡಬ್ಬಿ. ನೂರು ಗ್ರಾಂಗೆ 30 ಗ್ರಾಂ ಪ್ರೋಟೀನ್. ಪೂರ್ತಿ ಡಬ್ಬಿಗೆ 120 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಅಲ್ಲಿಗೆ ಇಪ್ಪತ್ತು ಮೊಟ್ಟೆ, ನಮ್ಮೂರ ಅಂಗಡಿಯಲ್ಲಿ 140 ರೂಪಾಯಿ. ಮೊಟ್ಟೆ ತಿನ್ನದವರಿಗೆ ಹುರುಳಿ ಕಾಳು. ಕೆ.ಜಿ.ಗೆ ಸುಮಾರು 220 ಗ್ರಾಂ ಪ್ರೋಟೀನ್. ನಾನು ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ತಂದದ್ದು ಕೆ.ಜಿ.ಗೆ 90 ರೂಪಾಯಿಯಂತೆ. ಯಜಮಾನರಿಗೆ ಈ ಲೆಕ್ಕ ತೋರಿಸಿದೆ. ಏನೂ ಮಾತಾಡಲಿಲ್ಲ. ಬೆಳಿಗ್ಗೆ ನೋಡಿದರೆ ಮಾತ್ರೆ ಶೀಟು ಗೂಡಿನಿಂದ ಊಟದ ಮೇಜಿಗೆ ಬಂದಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕೆ.ಜಿ. ತೂಕದವರಿಗೆ 50 ಗ್ರಾಂ. ಒಂದು ಹಿಡಿ ಕಾಳಿನ ಸಾರು, ಮುದ್ದೆ, ಸ್ವಲ್ಪ ಅನ್ನ, ಎರಡು ಲೋಟ ಹಾಲು, ಒಂದು ಬಟ್ಟಲು ಮೊಸರು, ಒಂದು ಮೊಟ್ಟೆ. ಇಷ್ಟಾದರೆ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ 17 ಸೂಚನೆಗಳಲ್ಲೂ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂತಲೇ ಇದೆ. ಜಿಮ್ಮಿಗೆ ಹೋಗುವ ಹುಡುಗರು ಇದನ್ನು ಕೇಳುವುದಿಲ್ಲ, ಗೊತ್ತು.

ಹಾಗಂತ ಮಾತ್ರೆಗಳೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಇವರ ಪಾದದ ಜೋಮಿಗೆ ಕಾರಣ ಸಿಕ್ಕಿದ್ದು ರಕ್ತ ಪರೀಕ್ಷೆಯಲ್ಲಿ. ವಿಟಮಿನ್ ಬಿ12 ತೀರಾ ಕಡಿಮೆ ಇತ್ತು. ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ಬಹಳ ವರ್ಷ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗುವುದು ಉಂಟು ಅಂತ ಡಾಕ್ಟರು ಹೇಳಿದರು. ಇಂಜೆಕ್ಷನ್ ಕೊಟ್ಟರು, ಆಮೇಲೆ ಮಾತ್ರೆ. ಈಗ ಉರಿ ಎಷ್ಟೋ ವಾಸಿ. ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಸೊಪ್ಪು ಕಾಳು ಎಷ್ಟೇ ತಿಂದರೂ ಸಿಗುವುದಿಲ್ಲ. ಸ್ಪಿರುಲಿನಾ ಅನ್ನುವ ಪಾಚಿಯ ಪುಡಿಯಲ್ಲಿ ಇದೆ ಅಂತ ಮಾರುತ್ತಾರೆ, ಅದು ನಮ್ಮ ಮೈಗೆ ಹತ್ತದ ಬಗೆ. ನೋಡಿ, ನಮಗೆ ಬೇಕಾಗಿದ್ದೂ ಒಂದು ಸಪ್ಲಿಮೆಂಟೇ. 4,350 ಕೊಟ್ಟು ತಂದದ್ದು ಬೇರೆ, ಅಷ್ಟೇ.

ಮಾತ್ರೆ ಸರಿಯಾದದ್ದೇ ಆದರೂ ತೆಗೆದುಕೊಳ್ಳುವ ರೀತಿ ತಪ್ಪಿದರೆ ದಂಡ. ಇದು ನನ್ನ ನೌಕರಿಯ ಪಾಠ. ನಮ್ಮದು ಕಾಫಿ ಸೀಮೆ. ಬಸುರಿ ಹೆಂಗಸರು ಊಟ ಮಾಡಿ, ಕಬ್ಬಿಣದ ಮಾತ್ರೆ ಬಾಯಿಗೆ ಹಾಕಿಕೊಂಡು, ಬಿಸಿ ಕಾಫಿಯಲ್ಲೇ ನುಂಗುತ್ತಿದ್ದರು. ಕಾಫಿ, ಟೀ ಎರಡೂ ಕಬ್ಬಿಣ ಮೈಗೆ ಹತ್ತದ ಹಾಗೆ ತಡೆಯುತ್ತವೆ. ಮೂರು ತಿಂಗಳು ಮಾತ್ರೆ ನುಂಗಿಯೂ ಮುಖ ಬಿಳಿಚಿಕೊಂಡೇ ಇದ್ದ ಒಬ್ಬಳಿಗೆ, ಕಾಫಿ ಒಂದೆರಡು ಗಂಟೆ ಆಚೆ ಹಾಕು, ಊಟಕ್ಕೆ ನಿಂಬೆಹಣ್ಣು ಹಿಂಡಿಕೋ ಅಂತ ಹೇಳಿದೆ. ಮುಂದಿನ ತಪಾಸಣೆಯಲ್ಲಿ ರಕ್ತ ಏರಿತ್ತು. ಇನ್ನು ಕೆಲವರು ಮಲ ಕಪ್ಪಗಾಯಿತು ಅಂತ ಹೆದರಿ ಮಾತ್ರೆಯನ್ನು ತಿಪ್ಪೆಗೆ ಎಸೆಯುತ್ತಿದ್ದರು. ಕಬ್ಬಿಣದ ಮಾತ್ರೆಗೆ ಹಾಗೆ ಆಗುವುದು ಸಹಜ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಕಬ್ಬಿಣದ ಜೊತೆಯಲ್ಲೇ ನುಂಗಬಾರದು. ಥೈರಾಯ್ಡ್ ಮಾತ್ರೆಗೂ ಇವೆರಡಕ್ಕೂ ನಾಲ್ಕು ಗಂಟೆ ಅಂತರ ಬೇಕು.

ನಮ್ಮ ಪಕ್ಕದ ಬೀದಿಯ ಒಬ್ಬರು ವಾರಕ್ಕೊಂದು ಅಂತ ಬರೆದುಕೊಟ್ಟ 60,000 ಯೂನಿಟ್ಟಿನ ವಿಟಮಿನ್ ಡಿ ಮಾತ್ರೆಯನ್ನು ದಿನಕ್ಕೊಂದು ನುಂಗಿದರು. ಒಳ್ಳೇದು ಜಾಸ್ತಿ ಆದರೆ ಇನ್ನೂ ಒಳ್ಳೇದು ಅಂತ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿಯಾಗಿ, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು.

ಊಟದ ವಿಷಯಕ್ಕೂ ಒಂದು ಮಾತು. ರಾಗಿ ನಮ್ಮ ಹೆಮ್ಮೆ, ಸರಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ, ಅದೇ ತೂಕದ ಹಾಲಿನ ಸುಮಾರು ಮೂರರಷ್ಟು. ಆದರೆ ಶುಗರ್ ಇರುವವರು ರಾಗಿ ತಾನೇ ಅಂತ ಎರಡು ದೊಡ್ಡ ಮುದ್ದೆ ನುಂಗಿದರೆ ಶುಗರ್ ಏರಿಯೇ ಏರುತ್ತದೆ. ಈಗ ನಮ್ಮನೆಯಲ್ಲಿ ಮುದ್ದೆ ಚಿಕ್ಕದು, ಜೊತೆಗೆ ಬಸ್ಸಾರಿನ ಪಲ್ಯ ತಟ್ಟೆಯ ಅರ್ಧ. ದಂಟು, ನುಗ್ಗೆ ಸೊಪ್ಪು, ಹೊನಗೊನ್ನೆ, ಯಾವ ಕಾಲಕ್ಕೆ ಯಾವುದು ಸಿಗುತ್ತದೋ ಅದು. ಸೊಗಡವರೆ ಕಾಲದಲ್ಲಿ ಮಾತ್ರ ಇವರನ್ನು ಹಿಡಿಯುವುದು ಕಷ್ಟ. ಹಿದುಕಿದ ಬೇಳೆ ಸಾರು ಇಟ್ಟರೆ ಮುದ್ದೆ ತಾನಾಗಿ ದೊಡ್ಡದಾಗುತ್ತದೆ.

ಮನೆಮನೆಗೆ ಬಂದು ಮಾರುವವರಿಗೆ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಗುರುತಿನ ಚೀಟಿ ಇರಬೇಕು, ಮೊದಲೇ ತಿಳಿಸಿ ಬರಬೇಕು. ಸೋದರತ್ತೆ ಮಗ ತಿಳಿಸಿ ಬರುವುದು ಯಾವ ಊರಲ್ಲಿ ಸಾರ್? ನಿಯಮ ಮಾಡಿದವರಿಗೆ ನಮ್ಮ ಕಡೆಯ ನೆಂಟಸ್ತಿಕೆ ಗೊತ್ತಿಲ್ಲ. ಮೋಸ ಹೋದೆ ಅನಿಸಿದವರು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಾನು ಮಾಡಲಿಲ್ಲ. ನೆಂಟರ ಮೇಲೆ ದೂರು ಕೊಟ್ಟು ಮುಂದಿನ ಮದುವೆಯಲ್ಲಿ ಮುಖ ತೋರಿಸುವುದು ಹೇಗೆ ಅಂತ ಹಿಂಜರಿದೆ. ಅದು ನನ್ನ ತಪ್ಪು.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ, ನೀವು ನನ್ನ ನೆಂಟರಲ್ಲ. ಶುಗರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದಕ್ಕೆ 1954ರಿಂದಲೇ ಕಾನೂನಿನ ತಡೆ ಇದೆ. 'ವಾಸಿ' ಬದಲು 'ಹತೋಟಿ' ಅಂತ ಬರೆದರೆ ಓದುವ ನಮಗೆ ವ್ಯತ್ಯಾಸ ಕಾಣುವುದಿಲ್ಲ. ಇಂಥವನ್ನು ದಯವಿಟ್ಟು ಹಾಕಬೇಡಿ. ಹಾಕಲೇಬೇಕಾದರೆ ಸುದ್ದಿಯ ವೇಷ ಬೇಡ. 'ಜಾಹೀರಾತು' ಅನ್ನುವ ಪದವನ್ನು ತಲೆಬರಹದಷ್ಟೇ ದಪ್ಪಗೆ ಹಾಕಿ, 63 ವರ್ಷದವರಿಗೆ ಕನ್ನಡಕವಿಲ್ಲದೆ ಕಾಣುವಷ್ಟು. ಹಾಗೇ ವಾರಕ್ಕೊಮ್ಮೆ ಇಷ್ಟೇ ಇಷ್ಟು ಜಾಗ ಕೊಟ್ಟು, ಡಬ್ಬಿಯ ಹಿಂಬದಿಯ ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಹಾಕಿ. ಬೇಕಾದರೆ ನಾನೇ ಬರೆದು ಕಳಿಸುತ್ತೇನೆ. ನಮ್ಮ ಮನೆಯಲ್ಲಿ ಇನ್ನೂ ಸೀಲ್ ಒಡೆಯದ ಒಂದು ಡಬ್ಬಿ ಇದೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ನಿವೃತ್ತ ಅಂಗನವಾಡಿ ಟೀಚರ್,
ಹಾಸನ ತಾಲ್ಲೂಕು