ಮಗಳಿಗೊಂದು ಪತ್ರ: ಪ್ರಾಗ್‌ನಲ್ಲಿ ನಿಮ್ಮಪ್ಪನ ಆಡಿಟ್

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳೋಣ ಅಂದರೆ ನಿಮ್ಮಪ್ಪ ನಡುವೆ ಬಾಯಿ ಹಾಕುತ್ತಾರೆ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಈಗ ಮಂಡಿಗೆ ಮುಲಾಮು ಹಚ್ಚಿಕೊಂಡು ಗೊರಕೆ ಹೊಡೆಯುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ. ರಜೆ ಸಿಗಲಿಲ್ಲ ಅಂತ ಮ್ಯೂನಿಕ್‌ನಲ್ಲಿ ನಮ್ಮಿಬ್ಬರನ್ನೇ ಬಸ್ಸು ಹತ್ತಿಸಿದೆಯಲ್ಲ, ಚಿಂತೆ ಬೇಡ, ಯಾರೂ ಕಳೆದುಹೋಗಿಲ್ಲ. ಆದರೆ ಜೀವಮಾನವಿಡೀ ಆಡಿಟ್ ಮಾಡಿದವರನ್ನು ಇಂಥ ಊರಿಗೆ ಕಳಿಸುವ ಮುಂಚೆ ನೀನು ಸ್ವಲ್ಪ ಯೋಚನೆ ಮಾಡಬೇಕಿತ್ತು. ಇಲ್ಲಿ ಒಂದೊಂದು ಕಲ್ಲಿಗೂ ಒಂದು ಕತೆ. ನಿಮ್ಮಪ್ಪನಿಗೆ ಪ್ರತಿ ಕತೆಗೂ ವೋಚರ್ ಬೇಕು.

ಬೆಳಿಗ್ಗೆ 22ನೇ ನಂಬರ್ ಟ್ರಾಮ್ ಹತ್ತಿದೆವು. ಒಳಗಿರುವ ಡಬ್ಬಿಗೆ ಟಿಕೆಟ್ ತೂರಿಸಿ ಮುದ್ರೆ ಒತ್ತಿಸಿಕೊಂಡರೆ ಆಯಿತು, ಕಂಡಕ್ಟರ್ ಅಂತ ಯಾರೂ ಇರಲ್ಲ. ನಿಮ್ಮಪ್ಪ ಮಾತ್ರ ಟಿಕೆಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡೇ ಕೂತಿದ್ದರು. ನಡುವೆ ಯೂನಿಫಾರ್ಮ್ ಹಾಕಿದವನೊಬ್ಬ ಹತ್ತಿದ. ಇವರು ಎದ್ದು ಅವನ ಕೈಗೆ ಟಿಕೆಟ್ ಕೊಟ್ಟೇಬಿಟ್ಟರು. ಪಾಪ, ಅವನು ಕೊರಿಯರ್ ಹುಡುಗ. ಹಿಂದೆ ಮುಂದೆ ತಿರುಗಿಸಿ ನೋಡಿ, ನಕ್ಕು, ವಾಪಸ್ ಕೊಟ್ಟ. "ನೋಡು, ಚೆಕ್ ಆಯ್ತು" ಅಂತ ನಿಮ್ಮಪ್ಪನಿಗೆ ಸಮಾಧಾನ.

ಕೋಟೆಯ ಒಳಗಿನ ಸೇಂಟ್ ವೀಟಸ್ ಚರ್ಚು ನೋಡಿ ನಾನು ಕತ್ತೆತ್ತಿ ನಿಂತವಳು ನಿಂತೇ ಇದ್ದೆ. ಬಣ್ಣದ ಗಾಜಿನಿಂದ ಬಿಸಿಲು ಕಂಬದ ಮೇಲೆ ಕೆಂಪಾಗಿ, ನೀಲಿಯಾಗಿ ಬೀಳುತ್ತದೆ. 1344ರಲ್ಲಿ ಕಟ್ಟಲು ಶುರು ಮಾಡಿದ್ದು ಮುಗಿದದ್ದು 1929ರಲ್ಲಂತೆ. ಗೈಡ್ ಹುಡುಗಿ ಇದನ್ನು ಹೆಮ್ಮೆಯಿಂದ ಹೇಳಿದಳು. ನಿಮ್ಮಪ್ಪ ಮೆಲ್ಲಗೆ ನನ್ನ ಕಿವಿಯಲ್ಲಿ, "ಮೂಲ ಎಸ್ಟಿಮೇಟ್ ಯಾರ ಹತ್ತಿರ ಇದೆಯಂತೆ ಕೇಳು" ಅಂದರು.

ಆಮೇಲೆ ಅರಮನೆಯ ಕಿಟಕಿ. 1618ರಲ್ಲಿ ಸಿಟ್ಟಿಗೆದ್ದ ಪ್ರೊಟೆಸ್ಟೆಂಟ್ ಮುಖಂಡರು ರಾಜನ ಕಡೆಯ ಇಬ್ಬರು ಅಧಿಕಾರಿಗಳನ್ನೂ ಒಬ್ಬ ಗುಮಾಸ್ತನನ್ನೂ ಅಲ್ಲಿಂದ ಹೊರಗೆ ಎಸೆದರು. ಅಷ್ಟು ಎತ್ತರದಿಂದ ಬಿದ್ದರೂ ಮೂವರೂ ಬದುಕಿದರು. ದೇವತೆಗಳು ಹಿಡಿದುಕೊಂಡರು ಅಂತ ಕ್ಯಾಥೊಲಿಕರು ಹೇಳಿದರಂತೆ. ದೇವತೆಗಳಲ್ಲ, ತಿಪ್ಪೆ ಅಂತ ಪ್ರೊಟೆಸ್ಟೆಂಟರು. ಯುರೋಪನ್ನೇ ಸುಟ್ಟ ಮೂವತ್ತು ವರ್ಷದ ಯುದ್ಧಕ್ಕೆ ಕಿಡಿ ಹತ್ತಿದ್ದು ಇಲ್ಲೇ. ನಿಮ್ಮಪ್ಪನಿಗೆ ಯುದ್ಧ ಬೇಕಿರಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿ, "ತಿಪ್ಪೆ ಎಷ್ಟು ಅಡಿ ಇತ್ತು?" ಅಂದರು. ಹಿಂದಿದ್ದ ಇಟಲಿಯ ಅಜ್ಜಿ ಅವರ ಸ್ವೆಟರ್ ಹಿಡಿದು ಒಳಗೆಳೆದಳು. ಗುಮಾಸ್ತನನ್ನು ಯಾಕೆ ಎಸೆದರು ಅನ್ನೋದೇ ಅವರಿಗೆ ಈಗಲೂ ಬೇಜಾರು. "ಮೇಲಿನವರು ಮಾಡಿದ್ದಕ್ಕೆ ಯಾವಾಗಲೂ ಕ್ಲರ್ಕೇ ಸಿಗೋದು."

ಊಟದ ಸಂಗತಿ ಹೇಳದಿರುವುದೇ ಒಳ್ಳೆಯದು. ಮಾಂಸ ಇಲ್ಲದ್ದು ಕೊಡಪ್ಪ ಅಂದರೆ ಚೀಸ್ ಗಟ್ಟಿಯನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಕರಿದು, ಆಲೂಗಡ್ಡೆ ಜೊತೆ ತಂದಿಟ್ಟ. ರುಚಿಯಾಗೇ ಇತ್ತು. ಸಂಜೆವರೆಗೂ ಹೊಟ್ಟೆಯಿಂದ ಕದಲಲಿಲ್ಲ ಅಷ್ಟೆ.

ಕೆಳಗಿಳಿದು ಬಾಲಯೇಸುವಿನ ಚರ್ಚಿಗೆ ಹೋದೆವು. ಇದು ನಿನ್ನ ಲಿಸ್ಟಿನಲ್ಲಿ ಇರಲಿಲ್ಲ, ನನ್ನ ಲಿಸ್ಟಿನಲ್ಲಿತ್ತು. ನಿನ್ನ ಸಿಇಟಿ ಹೊತ್ತಿನಲ್ಲಿ ಆಫೀಸಿನ ಗೆಳತಿ ನನ್ನನ್ನು ವಿವೇಕನಗರದ ಇನ್‌ಫೆಂಟ್ ಜೀಸಸ್ ಚರ್ಚಿಗೆ ಗುರುವಾರ ಗುರುವಾರ ಕರೆದುಕೊಂಡು ಹೋಗುತ್ತಿದ್ದಳು, ನೆನಪಿದೆಯಾ? ಆ ಬಾಲಯೇಸುವಿನ ಮೂಲ ಇಲ್ಲಿದೆ. 1628ರಲ್ಲಿ ಶ್ರೀಮಂತ ಮನೆತನದ ಹೆಂಗಸೊಬ್ಬಳು ಇಲ್ಲಿನ ಸನ್ಯಾಸಿಗಳಿಗೆ ಕೊಟ್ಟದ್ದು. ನಾನು ದೊಡ್ಡ ವಿಗ್ರಹ ಅಂದುಕೊಂಡಿದ್ದೆ. ಮೊಳದುದ್ದ ಇದೆ ಅಷ್ಟೆ, 47 ಸೆಂಟಿಮೀಟರ್. ನಾವು ಹೋದಾಗ ಹಸಿರು ನಿಲುವಂಗಿ ತೊಡಿಸಿದ್ದರು, ತಲೆಗಿಂತ ಕಿರೀಟವೇ ದಪ್ಪ. ಹಬ್ಬ, ಋತು ನೋಡಿಕೊಂಡು ಬಟ್ಟೆಯ ಬಣ್ಣ ಬದಲಾಯಿಸುತ್ತಾರೆ. ಮಹಡಿ ಮೇಲೆ ಉಡುಪುಗಳನ್ನೆಲ್ಲ ಗಾಜಿನೊಳಗೆ ಇಟ್ಟಿದ್ದಾರೆ. ರಾಣಿ ಮರಿಯಾ ಥೆರೇಸಾ ಕೊಟ್ಟದ್ದೂ ಒಂದಿದೆ, ಜರಿ ಕೆಲಸ ನೋಡಿದರೆ ನಿನ್ನ ಅಜ್ಜಿ ಬಿಟ್ಟು ಬರುತ್ತಿರಲಿಲ್ಲ. ನಿಮ್ಮಪ್ಪ ಇಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಿನಗೆ ಸೀಟು ಸಿಕ್ಕಿತ್ತಲ್ಲ!

ಚಾರ್ಲ್ಸ್ ಸೇತುವೆಯಲ್ಲಿ ಮತ್ತೆ ಶುರು. ಗಾರೆಗೆ ಹಾಕಲು ಊರೂರಿಂದ ಮೊಟ್ಟೆ ತರಿಸಿದರಂತೆ. ವೆಲ್ವರಿ ಅನ್ನುವ ಊರಿನವರು ದಾರಿಯಲ್ಲಿ ಒಡೆಯಬಾರದು ಅಂತ ಬೇಯಿಸಿ ಕಳಿಸಿದರಂತೆ! ನಾನು ಬಿದ್ದು ಬಿದ್ದು ನಕ್ಕೆ. ನಿಮ್ಮಪ್ಪ, "ಎಲ್ಲ ಸುಳ್ಳು." ಆದರೆ ಮುಂದಿನ ಕತೆಗೆ ಕರಗಿಹೋದರು. ನಾಲ್ಕನೇ ಚಾರ್ಲ್ಸ್ ರಾಜ ಸೇತುವೆಗೆ ಕಲ್ಲು ಇಟ್ಟದ್ದು 1357ನೇ ಇಸವಿ, 9ನೇ ತಾರೀಕು, 7ನೇ ತಿಂಗಳು, ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ ಅಂತ ಹೇಳುತ್ತಾರೆ. ಸಾಲಾಗಿ ಬರೆದರೆ 135797531. ಹಿಂದಿನಿಂದ ಓದಿದರೂ ಅದೇ. ಟ್ರಾಮ್ ಟಿಕೆಟ್ ಹಿಂದೆ ಬರೆದು ಎರಡು ಸಲ ಓದಿಕೊಂಡರು. "ಟ್ಯಾಲಿ ಆಗ್ತಿದೆ. ಮುಹೂರ್ತ ನೋಡಿಯೇ ಇಟ್ಟಿದ್ದಾರೆ" ಅಂದರು.

ಅದೇ ಸೇತುವೆ ಮೇಲೆ ನೆಪೊಮುಕ್ ಸಂತನ ಪ್ರತಿಮೆ. 1393ರಲ್ಲಿ ಅವನನ್ನು ಆಗಿನ ರಾಜ, ಚಾರ್ಲ್ಸನ ಮಗ, ಹೊಳೆಗೆ ತಳ್ಳಿಸಿದ. ಕೆಳಗಿನ ಹಿತ್ತಾಳೆ ಬಣ್ಣದ ಫಲಕ ಮುಟ್ಟಿದರೆ ಒಳ್ಳೆಯದಾಗುತ್ತದಂತೆ, ಜನ ಮುಟ್ಟಿ ಮುಟ್ಟಿ ಅಲ್ಲಷ್ಟೇ ಫಳಫಳ ಹೊಳೆಯುತ್ತದೆ. "ಇದೆಲ್ಲ ಮೂಢನಂಬಿಕೆ" ಅಂದುಕೊಂಡೇ ನಿಮ್ಮಪ್ಪ ಕ್ಯೂನಲ್ಲಿ ನಿಂತರು. ಸರದಿ ಬಂದಾಗ ಎರಡೂ ಅಂಗೈಯಿಂದ ಉಜ್ಜಿ ಕಣ್ಣಿಗೊತ್ತಿಕೊಂಡರು. ನಾನು ಸುಮ್ನೆ ಫೋಟೋ ತೆಗೆದೆ.

ಕೊನೆಗೆ ಹಳೇಪೇಟೆಯ ಚೌಕದ ಗಡಿಯಾರ, 1410ರದ್ದು. ಗಂಟೆಗೊಂದು ಸಲ ಅಸ್ಥಿಪಂಜರ ಹಗ್ಗ ಜಗ್ಗುತ್ತದೆ, ಕಿಟಕಿಯಲ್ಲಿ ಯೇಸುವಿನ ಹನ್ನೆರಡು ಶಿಷ್ಯರು ಮುಖ ತೋರಿಸಿ ಹೋಗುತ್ತಾರೆ, ಕೋಳಿ ಕೂಗುತ್ತದೆ, ಮುಗೀತು. ಒಂದು ನಿಮಿಷವೂ ಇಲ್ಲ. ನನ್ನ ಮುಂದಿದ್ದವನು ಮಗುವನ್ನು ಹೆಗಲಿಗೇರಿಸಿದ್ದರಿಂದ ನಾನು ನೋಡಿದ್ದು ಜಾಸ್ತಿ ಆ ಮಗುವಿನ ಬೂಟು. ಎಲ್ಲರೂ ಹೋದರೂ ನಿಮ್ಮಪ್ಪ ಕದಲಲಿಲ್ಲ. ಗಡಿಯಾರದಲ್ಲಿ ರಾಶಿಚಕ್ರ ಇದೆ, ಸೂರ್ಯ ಯಾವ ರಾಶಿಯಲ್ಲಿದ್ದಾನೆ ಅಂತಲೂ ತೋರಿಸುತ್ತದೆ. "ಸೆಪ್ಟೆಂಬರ್ ಮೊದಲ ವಾರ. ಪಂಚಾಂಗದಲ್ಲಿ ಸೂರ್ಯ ಇನ್ನೂ ಸಿಂಹದಲ್ಲಿದ್ದಾನೆ. ಇವರಾಗಲೇ ಕನ್ಯಾಕ್ಕೆ ಕಳಿಸಿದ್ದಾರೆ!" ಅವರ ಲೆಕ್ಕದ ಪದ್ಧತಿ ಬೇರೆ, ನಮ್ಮದು ಬೇರೆ ಅಂತ ಗೈಡ್ ಹುಡುಗಿ ಎಷ್ಟು ಹೇಳಿದರೂ ಒಪ್ಪಲಿಲ್ಲ. ಊರಿಗೆ ಹೋದ ಮೇಲೆ ಜೋಯಿಸರಿಗೆ ಫೋಟೋ ತೋರಿಸಿ, ನಗರಸಭೆಗೆ ಒಂದು ಕಾಗದ ಹಾಕುತ್ತಾರಂತೆ. ಇಂಗ್ಲಿಷಿನಲ್ಲಿ ಬರೆದುಕೊಡುವ ಕೆಲಸ ನಿನ್ನ ತಲೆಗೇ ಬರುತ್ತದೆ, ತಯಾರಾಗಿರು.

ನಾಳೆ ಸಂಜೆ ಬಸ್ಸಿಗೆ ಬರುತ್ತೇವೆ. ಬಿಸಿ ಅನ್ನ, ತಿಳಿಸಾರು ಮಾಡಿಡು. ಚೀಸ್ ಮಾತ್ರ ಬೇಡ.

ನಿನ್ನ
ಅಮ್ಮ