ಗುಂಡನು ಮೊದಲೇ ಇಳಿದಿದ್ದ: ಏಳನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಕಳೆದ ವಾರ ನಿಮ್ಮಲ್ಲಿ ನಾಲ್ವರು ನನ್ನ ಕೊಠಡಿಗೆ ಬಂದು, ಇನ್ನಿಬ್ಬರು ಫೋನು ಮಾಡಿ, ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದ ಸಾವುನೋವಿನ ತಮಾಷೆ ಪದ್ಯಗಳ ಬಗ್ಗೆ ಒಂದೇ ಪ್ರಶ್ನೆ ಕೇಳಿದಿರಿ: ಶಾಲೆಯಲ್ಲಿ ಮಕ್ಕಳಿಗೆ ಇದೇನು ಕಲಿಸುತ್ತಿದ್ದೀರಿ? ಆರು ಸಲ ಬಾಯಲ್ಲಿ ಹೇಳುವುದಕ್ಕಿಂತ ಒಮ್ಮೆ ಬರೆಯುವುದು ಮೇಲೆಂದು ಈ ಪತ್ರ.

ಈ ಸಲದ ಜುಲೈ ಮಳೆಗೆ ನಮ್ಮ ಮೈದಾನ ಕೆರೆಯಾಗಿ ಮೂರು ವಾರ ಆಟದ ಪಿರಿಯಡ್ ಕೊಚ್ಚಿಹೋಯಿತು. ಆ ಬಿಡುವಿನಲ್ಲಿ ಗ್ರಂಥಾಲಯದ ಶಿಕ್ಷಕಿ ಮಕ್ಕಳಿಗೆ ಕೆಲವು ಹಳೆಯ ಚಿತ್ರಪುಸ್ತಕಗಳನ್ನು ತೋರಿಸಿ ಅರ್ಥ ಹೇಳಿದರು. ಅದರಲ್ಲೊಂದು ಅಮೆರಿಕದ ಎಡ್ವರ್ಡ್ ಗೋರಿ 1963ರಲ್ಲಿ ಪ್ರಕಟಿಸಿದ ಅಕ್ಷರಮಾಲೆ. ಇಂಗ್ಲಿಷಿನ 26 ಅಕ್ಷರಗಳಿಗೆ 26 ಮಕ್ಕಳು, ಒಬ್ಬೊಬ್ಬರಿಗೂ ಒಂದೊಂದು ದುರ್ಗತಿ, ಎಲ್ಲವೂ ಜೋಗುಳದ ಲಯದಲ್ಲಿ. ಅದರಲ್ಲಿ ಒಬ್ಬ ಹುಡುಗ ಬರೀ ಬೇಸರದಿಂದಲೇ ಸಾಯುತ್ತಾನೆ. ಅವನು ಕೂತಿದ್ದು ಯಾವ ವಿಷಯದ ಪಿರಿಯಡ್‌ನಲ್ಲಿ ಎಂದು ನಮ್ಮ ಮಕ್ಕಳು ತಮ್ಮ ತಮ್ಮಲ್ಲೇ ತೀರ್ಮಾನಿಸಿದ್ದಾರೆ. ಗಣಿತದ ಮೇಷ್ಟರಿಗೆ ನಾನಿನ್ನೂ ತಿಳಿಸಿಲ್ಲ.

ಆಮೇಲೆ ಮಕ್ಕಳೇ ಒಂದು ನೋಟ್‌ಬುಕ್ ಹಿಡಿದು ಕನ್ನಡ ವರ್ಣಮಾಲೆಗೆ ಕೈ ಹಾಕಿದರು. ಅಕ್ಷರಕ್ಕೊಬ್ಬ ತುಂಟ, ತುಂಟನಿಗೊಂದು ಗತಿ, ಎದುರು ಪುಟದಲ್ಲಿ ಕಪ್ಪು ಶಾಯಿಯ ಚಿತ್ರ. ನಿಮ್ಮಲ್ಲಿ ಹೆಚ್ಚಿನವರ ಸಿಟ್ಟಿಗೆ ಕಾರಣವಾದ, ನಮ್ಮ ಮುಂಬಯಿಯ ಲೋಕಲ್ ರೈಲಿನ ‘ಗ’ ಪದ್ಯ ಇದು:

ಲೋಕಲ್ ಬಾಗಿಲಿನಂಚಲಿ ಗುಂಡನು
ಗಾಳಿಯ ಕುಡಿಯುತ ಜೋತಿದ್ದ;
ದಾದರು ತಲುಪಿತು ಚಪ್ಪಲಿ ಮಾತ್ರ,
ಗುಂಡನು ಮೊದಲೇ ಇಳಿದಿದ್ದ.

ಚಿತ್ರದಲ್ಲಿ ಗುಂಡನಿಲ್ಲ, ರಕ್ತವಿಲ್ಲ. ದಾದರ್ ನಿಲ್ದಾಣದ ಖಾಲಿ ಪ್ಲಾಟ್‌ಫಾರ್ಮಿನ ನಡುವೆ ಒಂದು ಹವಾಯಿ ಚಪ್ಪಲಿ. ಕಪ್ಪು ಕೋಟಿನ ಟಿ.ಸಿ. ಒಬ್ಬರು ಬಗ್ಗಿ, ಬಹಳ ಗಂಭೀರವಾಗಿ, ಆ ಚಪ್ಪಲಿಯ ಬಳಿ ಟಿಕೆಟ್ ಕೇಳುತ್ತಿದ್ದಾರೆ.

ನಾನು ಮೊದಲು ಮಾಡಿದ್ದು ಯಾವ ಮುಖ್ಯೋಪಾಧ್ಯಾಯಿನಿಯಾದರೂ ಮಾಡುವ ಕೆಲಸವೇ: ನೋಟ್‌ಬುಕ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಸಂಜೆ ಎಲ್ಲರೂ ಹೋದ ಮೇಲೆ ತೆಗೆದು ಓದಿದೆ. ಆ ಟಿ.ಸಿ.ಯನ್ನು ನೋಡಿ ಎಷ್ಟು ನಕ್ಕೆನೆಂದರೆ, ಜವಾನ ಬಾಗಿಲಲ್ಲಿ ಇಣುಕಿ ನೋಡಿ ಹೋದ. ಮಾರನೆಯ ದಿನ ನೋಟ್‌ಬುಕ್ ಹಿಂದಿರುಗಿಸಿದೆ.

ತಂದೆಯೊಬ್ಬರು ಹೇಳಿದ ಮಾತು ಮಾತ್ರ ಇನ್ನೂ ನನ್ನ ಕಿವಿಯಲ್ಲಿದೆ. ‘ದಿನಾ ಡೊಂಬಿವಲಿಯಿಂದ ಬಾಗಿಲಲ್ಲೇ ನಿಂತು ಬರುವವನು ನಾನು. ನನ್ನ ಮಗಳು ಇದನ್ನು ಓದಿ ನಗುತ್ತಾಳಲ್ಲ?’ ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಷ್ಟು ಹೇಳುತ್ತೇನೆ. ನೀವು ಬಾಗಿಲಲ್ಲಿ ನಿಲ್ಲುವುದು ಅವಳಿಗೆ ಚೆನ್ನಾಗಿ ಗೊತ್ತು. ನೀವು ಬರುವುದು ಅರ್ಧ ಗಂಟೆ ತಡವಾದಾಗ ಅವಳ ಹೊಟ್ಟೆಯಲ್ಲಿ ಏಳುವ ಭಯಕ್ಕೆ ರೂಪವಿಲ್ಲ, ಕೊನೆಯೂ ಇಲ್ಲ. ಗುಂಡನ ಭಯಕ್ಕೆ ನಾಲ್ಕೇ ಸಾಲು, ಒಂದು ಪ್ರಾಸ; ಪುಟ ತಿರುವಿದರೆ ಮುಗಿಯಿತು. ನಮ್ಮ ರೈಲಿನವರಿಗೂ ಇದು ಗೊತ್ತಿರಬೇಕು. ಹಳಿ ದಾಟಬೇಡಿ ಎಂದು ವರ್ಷಗಟ್ಟಲೆ ಬೋರ್ಡು ಹಾಕಿದ ಮೇಲೂ 2019ರಲ್ಲಿ ಪಶ್ಚಿಮ ರೈಲ್ವೆ ಯಮಧರ್ಮರಾಯನ ವೇಷ ಹಾಕಿಸಿ, ಹಳಿ ದಾಟುವವರನ್ನು ಹೆಗಲ ಮೇಲೆ ಹೊತ್ತೊಯ್ಯುವ ವ್ಯವಸ್ಥೆ ಮಾಡಿತಲ್ಲ!

ಇನ್ನೊಂದು ವಿಷಯ ನಿಮಗೆ ಅಷ್ಟು ರುಚಿಸಲಿಕ್ಕಿಲ್ಲ. ‘ಕ’ ಪದ್ಯ ನೋಡಿ:

ತಿನ್ನದೆ ಇದ್ದರೆ ಗುಮ್ಮನ ಕರೆವೆನು
ಎಂದಳು ಕಿಟ್ಟನ ಅಮ್ಮ;
ತಿಂದನು, ತಿಂದನು, ಊದಿದ, ಊದಿದ,
ಕಿಟ್ಟನೆ ಈಗಿನ ಗುಮ್ಮ.

ಇಲ್ಲಿ ಮಕ್ಕಳು ನಗುತ್ತಿರುವುದು ಕಿಟ್ಟನನ್ನು ನೋಡಿಯಲ್ಲ, ನಮ್ಮನ್ನು ನೋಡಿ. ಬಿದ್ದೀಯೆ, ಜೋಕೆ, ನೆನೆಯಬೇಡ, ಜ್ವರ ಬಂದೀತು, ಬಾಗಿಲಲ್ಲಿ ನಿಲ್ಲಬೇಡ. ಬೆಳಗಿನಿಂದ ರಾತ್ರಿಯವರೆಗೆ ನಾವು ಸುರಿಸುವ ಈ ಎಚ್ಚರಿಕೆಗಳನ್ನೆಲ್ಲ ಅವರು ಶ್ರದ್ಧೆಯಿಂದ ಕೇಳಿಸಿಕೊಂಡು, ಒಂದಕ್ಕೆ ಹತ್ತಾಗಿ ಹಿಗ್ಗಿಸಿ, ನಮ್ಮ ಕೈಗೇ ವಾಪಸು ಕೊಟ್ಟಿದ್ದಾರೆ. ಈ ಜಾತಿಯ ಪುಸ್ತಕ ಬೆಳೆದು ಬಂದ ದಾರಿಯೂ ಇದೇ. ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಚ್ ಹಾಫ್‌ಮನ್ 1844ರ ಕ್ರಿಸ್‌ಮಸ್‌ಗೆ ಮುನ್ನ ಮೂರು ವರ್ಷದ ಮಗನಿಗೆಂದು ಪುಸ್ತಕ ಹುಡುಕಿದ. ಅಂಗಡಿಯಲ್ಲಿ ಸಿಕ್ಕಿದ್ದೆಲ್ಲ ನೀತಿಬೋಧೆ. ಬೇಸತ್ತು ಖಾಲಿ ನೋಟ್‌ಬುಕ್ ಕೊಂಡು ತಂದು ತಾನೇ ಬರೆದು ಚಿತ್ರ ಬಿಡಿಸಿದ. ಮರುವರ್ಷ ಅದು ಅಚ್ಚಾಯಿತು. ಅದರಲ್ಲಿ ಸೂಪು ಬೇಡವೆನ್ನುವ ದುಂಡು ಹುಡುಗ ದಿನೇ ದಿನೇ ಕಡ್ಡಿಯಾಗಿ ಐದನೆಯ ದಿನ ಸಾಯುತ್ತಾನೆ. ಅವನ ಸಮಾಧಿಯ ಮೇಲೆ ಸೂಪಿನ ಪಾತ್ರೆ! 1907ರಲ್ಲಿ ಇಂಗ್ಲೆಂಡಿನ ಹಿಲೇರ್ ಬೆಲ್ಲಾಕ್ ಇದೇ ಎಚ್ಚರಿಕೆಯ ಧಾಟಿಯನ್ನು ಗೇಲಿ ಮಾಡಿ ಬರೆದಾಗ, ಆಯಾಳ ಕೈ ಬಿಟ್ಟು ಓಡಿದ ಹುಡುಗ ಸಿಂಹದ ಬಾಯಿಗೆ ಬಿದ್ದ.

‘ಇದು ನಮ್ಮ ಸಂಸ್ಕೃತಿಯಲ್ಲ’ ಎಂದವರೂ ಇದ್ದೀರಿ. ಒಂದನೇ ತರಗತಿಯಿಂದ ನಾವು ಹಾಡಿಸುವ ಗೋವಿನ ಹಾಡಿನ ಕೊನೆಯಲ್ಲಿ ಹುಲಿ ಹಾರಿ ಪ್ರಾಣ ಬಿಡುತ್ತದೆ. ಕುವೆಂಪು ಅವರ ಕಿಂದರಿಜೋಗಿಯ ಹಿಂದೆ ಹೋದ ಬೊಮ್ಮನಹಳ್ಳಿಯ ಮಕ್ಕಳೆಲ್ಲ ಬೆಟ್ಟದೊಳಗೆ ಮಾಯವಾಗುತ್ತಾರೆ, ಉಳಿಯುವವನು ಕುಂಟ ಹುಡುಗನೊಬ್ಬನೇ. ಅದನ್ನು ನಮ್ಮ ವಾರ್ಷಿಕೋತ್ಸವದಲ್ಲಿ ಆಡಿಸಿದಾಗ ನೀವೇ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಿರಿ. ಇಲಿಯ ಬಾಲಗಳನ್ನು ಹೊಲಿದುಕೊಟ್ಟವರೂ ನೀವೇ. ‘ಗುಮ್ಮನ ಕರೆಯದಿರೆ’ ಎಂದು ಪುರಂದರದಾಸರ ಕೃಷ್ಣನೇ ಅಮ್ಮನನ್ನು ಬೇಡಿಕೊಂಡಿಲ್ಲವೇ?

ಹಾಗೆಂದು ಎಲ್ಲವನ್ನೂ ಬಿಟ್ಟಿಲ್ಲ. ಎರಡು ಪುಟ ನಾನೇ ಹರಿದುಹಾಕಿಸಿದ್ದೇನೆ. ಒಂದರಲ್ಲಿ ತರಗತಿಯ ಹುಡುಗಿಯೊಬ್ಬಳ ನಿಜವಾದ ಹೆಸರಿತ್ತು, ಇನ್ನೊಂದರಲ್ಲಿ ಹೆಸರಿಲ್ಲದಿದ್ದರೂ ಒಬ್ಬನ ತೊದಲು ಮಾತಿತ್ತು. ಬರೆದವರನ್ನು ಕರೆಸಿ ಮಾತಾಡಿದೆ. ಒಬ್ಬ ಅತ್ತ, ಇನ್ನೊಬ್ಬ ವಾದ ಮಾಡಿದ. ಮೂರನೇ ತರಗತಿಯವರೆಗಿನ ಮಕ್ಕಳಿಗೆ ನೋಟ್‌ಬುಕ್ ಕೊಡುವುದಿಲ್ಲ. ಅವರ ಪಾಲಿಗೆ ಗುಮ್ಮ ಇನ್ನೂ ಮಂಚದ ಕೆಳಗೇ ಇದ್ದಾನೆ. ನಿಮ್ಮ ಮಗುವಿಗೆ ಇದರಿಂದ ನಿದ್ದೆ ಕೆಡುತ್ತಿದ್ದರೆ ದಯವಿಟ್ಟು ನನಗೆ ನೇರವಾಗಿ ಹೇಳಿ. ಆ ಮಗುವಿಗೆ ಆ ಹೊತ್ತಿನಲ್ಲಿ ಬೇರೆ ಪುಸ್ತಕ ಕೊಡಲಾಗುವುದು.

ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕಾಲ ನೋಟ್‌ಬುಕ್ ಗ್ರಂಥಾಲಯದ ಮೇಜಿನ ಮೇಲಿರುತ್ತದೆ. ಬಂದು ಓದಿ, ಆಮೇಲೂ ಬೈಯಬೇಕೆನಿಸಿದರೆ ನಾನು ಪಕ್ಕದ ಕೊಠಡಿಯಲ್ಲೇ ಇರುತ್ತೇನೆ. ‘ಙ’ ಮತ್ತು ‘ಞ’ ಪುಟವನ್ನು ಮಾತ್ರ ತಪ್ಪಿಸಬೇಡಿ. ಆ ಎರಡು ಅಕ್ಷರಗಳಿಂದ ಶುರುವಾಗುವ ಹೆಸರು ಹುಡುಕಿ ಹುಡುಕಿ ಸೋತ ಮಕ್ಕಳು ಅಲ್ಲಿ ಪದ್ಯ ಬರೆದಿಲ್ಲ. ಮಳೆಯಲ್ಲಿ ಒಂದೇ ಕೊಡೆಯ ಕೆಳಗೆ ಙ, ಞ ಇಬ್ಬರೂ ಕೂತು ವಡಾಪಾವ್ ತಿನ್ನುತ್ತಿದ್ದಾರೆ. ಕೆಳಗೆ ಒಂದು ಸಾಲು: ‘ಇವರಿಂದ ಯಾರ ಹೆಸರೂ ಶುರುವಾಗುವುದಿಲ್ಲ, ಆದ್ದರಿಂದ ಬದುಕಿಕೊಂಡರು.’

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಮುಂಬಯಿ